ಗುಡ್ಡದ ಮೇಲಿನ ಬಾಡಿಗೆದಾರಳು

ಟಾಕ್ ಮಾಲ್ಸುನ್ ಕೂತಲ್ಲಿ ಕೂರುವ ಹೆಂಗಸಲ್ಲ. ನಮ್ಮ ಪೇಟೆಯ ಸಂತೆಬೀದಿಯಲ್ಲಿ ಅನ್ನಕ್ಕೆ ನೆಂಚಿಕೊಳ್ಳುವ ಪದಾರ್ಥಗಳ ಅಂಗಡಿ ಅವಳದು. ಮೂಲಂಗಿ ಕಿಮ್ಚಿ, ಎಳ್ಳೆಣ್ಣೆ ಸವರಿದ ಸೊಪ್ಪು, ಸೋಯಾ ರಸದಲ್ಲಿ ಬೆಂದ ಕಮಲದ ಬೇರು, ಹಬ್ಬ ಬಂದರೆ ತವೆಯ ಮೇಲೆ ಹುರಿದ ಮೀನಿನ ಬಿಲ್ಲೆ. ಗಿರಾಕಿಯೊಡನೆ ಮಾತಾಡುತ್ತಲೇ ಒಂದು ಕೈ ತಟ್ಟೆ ಒರೆಸುತ್ತಿರುತ್ತದೆ, ಇನ್ನೊಂದು ಕೈ ಪಕ್ಕದ ಮೀನಂಗಡಿಯ ನೊಣವನ್ನು ಓಡಿಸುತ್ತಿರುತ್ತದೆ. ಗಂಡ ಬಹಳ ಹಿಂದೆಯೇ ಹೋದ. ಮಕ್ಕಳಿಲ್ಲ. ಅರವತ್ತು ದಾಟಿದ ಮೇಲಾದರೂ ನಿಧಾನವಾಗುತ್ತಾಳೆ ಎಂದು ಬೀದಿಯವರು ಕಾದರು. ಆಗಲಿಲ್ಲ.

ಅವಳ ಈ ಚಡಪಡಿಕೆಗೆ ಕಾರಣ ಬೀದಿಗೆಲ್ಲ ಗೊತ್ತಿತ್ತು. ಮದುವೆಯಾದಾಗಿನಿಂದ ಅವಳು ಬಾಡಿಗೆ ಮನೆಗಳಲ್ಲೇ ಬಾಳಿದವಳು. ಎರಡು ವರ್ಷ ಆಗುತ್ತಿದ್ದಂತೆ ಮನೆಯೊಡೆಯ ಬಾಗಿಲಲ್ಲಿ ಬಂದು ಕೆಮ್ಮುತ್ತಿದ್ದ. ಒಬ್ಬನಿಗೆ ಮಗನ ಮದುವೆ, ಇನ್ನೊಬ್ಬನಿಗೆ ಮನೆ ಕೆಡವಿ ಕಟ್ಟುವ ಯೋಚನೆ, ಮತ್ತೊಬ್ಬನ ತಂಗಿ ರಾಜಧಾನಿ ಸಿಯೋಲ್‌ನಿಂದ ವಾಪಸು. ಮಾತು ಮಾತ್ರ ಒಂದೇ, ಖಾಲಿ ಮಾಡಿ. ಬಟ್ಟೆಬರೆ ಸಾಗಿಸುವುದು ಅವಳಿಗೆ ಕಷ್ಟವಾಗಿರಲಿಲ್ಲ. ಕಷ್ಟವಿದ್ದುದು ಜಾಡಿಗಳದ್ದು. ಅತ್ತೆಯಿಂದ ಬಂದ ಕಂದು ಬಣ್ಣದ ದೊಡ್ಡ ಜಾಡಿಗಳಲ್ಲಿ ಸೋಯಾ ಹುಳಿಹಿಟ್ಟು, ಖಾರದ ಹಿಟ್ಟು ಕಳಿಯುತ್ತಿರುತ್ತವೆ. ಅವಕ್ಕೆ ಬಿಸಿಲು ಬೇಕು, ಗಾಳಿ ಬೇಕು, ಎಲ್ಲಕ್ಕಿಂತ ಮೊದಲು ಅಲುಗಾಡದೆ ನಿಲ್ಲಲು ಒಂದು ಜಾಗ ಬೇಕು. ಪ್ರತಿ ಸಲ ಕೈಗಾಡಿಯಲ್ಲಿ ಕುಲುಕಿಸಿಕೊಂಡು ಹೋದಾಗ ಹಿಟ್ಟಿನ ರುಚಿ ಒಂದು ವರ್ಷ ಕೆಟ್ಟಿರುತ್ತಿತ್ತು. ದಕ್ಷಿಣಕ್ಕೆ ಮುಖ ಮಾಡಿದ ಒಂದು ತುಂಡು ನೆಲ, ಅದರ ಮೇಲೆ ತನ್ನ ಹೆಸರು, ಅಲ್ಲಿ ಒಂದೇ ಸಲ ಇಟ್ಟು ಮತ್ತೆಂದೂ ಎತ್ತದ ಜಾಡಿಗಳು. ಇಷ್ಟೇ ಅವಳ ಆಸೆ.

ಆ ವರ್ಷ ಬೇಸಿಗೆಯ ಮೊದಲಲ್ಲಿ ದಲ್ಲಾಳಿ ಪ್ಯೋ ಅವಳನ್ನು ಬಾಮ್‌ಗೋಲ್ ಹಳ್ಳಿಗೆ ಕರೆದೊಯ್ದ. ಪ್ಯೋ ಕೆಟ್ಟವನಲ್ಲ. ಆದರೆ ದಲ್ಲಾಳಿ. ಅವನ ಬಾಯಲ್ಲಿ ಜೌಗು ನೆಲ ತಂಪಾದ ನೆಲವಾಗುತ್ತದೆ, ದಾರಿ ಇಲ್ಲದ ಜಾಗ ಗದ್ದಲವಿಲ್ಲದ ಜಾಗವಾಗುತ್ತದೆ. ಹಳ್ಳಿಯ ಹಿಂದಿನ ಗುಡ್ಡದ ಇಳಿಜಾರು, ಮೇಲೆ ಹಳೆಯ ಚೆಸ್ಟ್‌ನಟ್ ಮರ, ಅದರ ಕೆಳಗೆ ಒಂದಿಷ್ಟು ಸಮತಟ್ಟು. ಕೆಳಗೆ ಹೊಳೆ, ಭತ್ತದ ಗದ್ದೆ, ಪೇಟೆಯ ಬಸ್ಸು ತಿರುಗುವ ಮೂಲೆ. ಮಾಲ್ಸುನ್ ಬಿಸಿಲಿಗೆ ಕೈ ಅಡ್ಡ ಹಿಡಿದು ನೋಡಿದಳು. ಜಾಡಿಗಳು ಆಗಲೇ ಅಲ್ಲಿ ಸಾಲಾಗಿ ನಿಂತಿದ್ದಂತೆ ಅವಳಿಗೆ ಕಂಡಿತು. ಎದೆ ಹೊಡೆದುಕೊಂಡಿತು. ಹೊಡೆದುಕೊಂಡದ್ದನ್ನು ದಲ್ಲಾಳಿಗೆ ತೋರಿಸಬಾರದೆಂದು ಮುಖ ಸಿಂಡರಿಸಿಕೊಂಡು ಪೊದೆಗಳ ನಡುವೆ ನಡೆದಳು. ಅಲ್ಲೇ ಎಡವಿದಳು.

ಬಳ್ಳಿ ಹಬ್ಬಿದ ದಿಬ್ಬ. ಬಳ್ಳಿಯನ್ನು ಎಳೆದು ನೋಡಿದರೆ ಗುಂಡನೆಯ ಮಣ್ಣಿನ ಬೆನ್ನು. ಸಮಾಧಿ. ಸಮತಟ್ಟಾದ ಜಾಗದ ನಟ್ಟನಡುವೆ.

"ಇದೇನೋ ಪ್ಯೋ?"

"ಅದಾ? ಅದೇನಿಲ್ಲ ಅಕ್ಕ. ಯಾರೂ ದಿಕ್ಕಿಲ್ಲದ ಸಮಾಧಿ. ಎಷ್ಟು ವರ್ಷದಿಂದ ಒಂದು ನರಪಿಳ್ಳೆ ಬಂದಿಲ್ಲ ಈ ಕಡೆ. ಹುಲ್ಲು ನೋಡಿ, ಸೊಂಟಕ್ಕೆ ಬಂದಿದೆ."

"ನಿಂಗೆ ಮೊದ್ಲೇ ಗೊತ್ತಿತ್ತಲ್ವಾ?"

"ಗೊತ್ತಿತ್ತು ಅಂದ್ರೆ... ದಿಬ್ಬ ಅಂತ ಗೊತ್ತಿತ್ತು."

ಮಾಲ್ಸುನ್ ಅವನನ್ನು ಬೈಯುತ್ತಲೇ ಪೇಟೆಗೆ ವಾಪಸಾಗಿ ಆಸ್ತಿ ಪತ್ರ ಬರೆಯುವ ಹೋ ಕ್ಯೊಂಗಾಳ ಕಚೇರಿಗೆ ನುಗ್ಗಿದಳು. ಕ್ಯೊಂಗಾ ಇನ್ನೂ ಚಿಕ್ಕವಳು, ಮಧ್ಯಾಹ್ನದ ಊಟಕ್ಕೆ ಮಾಲ್ಸುನ್ ಅಂಗಡಿಯಿಂದಲೇ ಸೊಪ್ಪು ಕೊಳ್ಳುವವಳು. ಅವಳು ನೆಲದ ದಾಖಲೆಯನ್ನು ತಿರುವಿ ನೋಡಿದಳು. ಸಾಲವಿಲ್ಲ, ಜಪ್ತಿಯಿಲ್ಲ, ಪಾಲುದಾರರಿಲ್ಲ. ಮಾರುವವನ ಹೆಸರು ಒಂದೇ.

"ತೊಳೆದ ಅಕ್ಕಿ ಥರ ಇದೆ ಅಕ್ಕ. ಆದ್ರೆ ಸಮಾಧಿ ಇದ್ರಲ್ಲಿ ಬರಲ್ಲ. ಹಳೇ ಸಮಾಧಿ, ಮಕ್ಕಳೋ ಮೊಮ್ಮಕ್ಕಳೋ ಬಂದು ನೋಡ್ಕೋತಿದ್ದಾರೆ ಅಂದ್ರೆ, ನೆಲ ಯಾರದ್ದಾದ್ರೂ ಆಗ್ಲಿ, ಅದನ್ನ ಅಲುಗಿಸೋ ಹಾಗಿಲ್ಲ. ಯಾರೂ ಇಲ್ಲ ಅಂದ್ರೆ ಪತ್ರಿಕೇಲಿ ಪ್ರಕಟಣೆ ಕೊಟ್ಟು, ಅನುಮತಿ ತಗೊಂಡು, ಅಸ್ಥಿ ಎತ್ತಿ ಅಸ್ಥಿಮಂದಿರಕ್ಕೆ ಸಾಗಿಸ್ಬಹುದು."

"ಇದ್ದಾರೋ ಇಲ್ವೋ ಹೇಗೆ ಗೊತ್ತಾಗೋದು?"

"ಚುಸೋಕ್ ಬರ್ಲಿ," ಎಂದಳು ಕ್ಯೊಂಗಾ.

ಅಷ್ಟು ಹೇಳಿದರೆ ಸಾಕಿತ್ತು. ಶರತ್ಕಾಲದ ಹುಣ್ಣಿಮೆಯ ಆ ಹಬ್ಬಕ್ಕೆ ಮುಂಚಿನ ಭಾನುವಾರಗಳಲ್ಲಿ ದೇಶದ ಗುಡ್ಡಗಳೆಲ್ಲ ಹುಲ್ಲು ಕತ್ತರಿಸುವ ಯಂತ್ರಗಳ ಸದ್ದಿನಿಂದ ಗುಂಯ್‌ಗುಡುತ್ತವೆ. ಎಲ್ಲೆಲ್ಲಿಗೋ ಹೋದವರು ಬಂದು ತಮ್ಮ ಹಿರಿಯರ ಸಮಾಧಿಯ ಹುಲ್ಲು ಕೊಯ್ದು, ಒಂದು ಬಟ್ಟಲು ಸಾರಾಯಿ ಸುರಿದು, ಅಡ್ಡಬಿದ್ದು ಹೋಗುತ್ತಾರೆ. ಹಬ್ಬದ ದಿನ ಹುಲ್ಲು ಬೆಳೆದೇ ಇರುವ ಸಮಾಧಿಗೆ ದಿಕ್ಕಿಲ್ಲ ಎಂದೇ ಲೆಕ್ಕ. ಕರಾರಿಗೆ ಕ್ಯೊಂಗಾ ಒಂದು ಷರತ್ತು ಸೇರಿಸಿದಳು. ಹಬ್ಬದೊಳಗೆ ವಾರಸುದಾರರು ಬಂದರೆ ಮಾಲ್ಸುನ್ ಕರಾರನ್ನು ಮುರಿದು ಮುಂಗಡ ವಾಪಸು ಪಡೆಯಬಹುದು. ಬಾರದಿದ್ದರೆ ಕ್ರಯ ಆಗಲೇಬೇಕು. ಮಾರುವವನು ಪೇಟೆಯ ಆಚೆ ಕೋಳಿ ಸಾಕುವವನು. ಅವನು ಓದದೆಯೇ ಮುದ್ರೆ ಒತ್ತಿದ.

ಅಲ್ಲಿಂದ ಶುರುವಾಯಿತು ಕಾಯುವ ಕೆಲಸ. ಕಾಯುವುದು ಮಾಲ್ಸುನ್‌ಗೆ ಹುಟ್ಟಿನಿಂದಲೇ ಬಾರದ ವಿದ್ಯೆ. ಮಳೆಗಾಲವೆಲ್ಲ ಅಂಗಡಿಯಲ್ಲಿ ಕೈ ತಪ್ಪುತ್ತಿತ್ತು. ಉಪ್ಪಿನ ಬದಲು ಸಕ್ಕರೆ ಬಿದ್ದ ಕಿಮ್ಚಿಯನ್ನು ಗಿರಾಕಿಗಳು ಮರ್ಯಾದೆಗೆ ತಿಂದರು. ಹುಲ್ಲು ಕೊಯ್ಯುವ ಭಾನುವಾರಗಳು ಬಂದದ್ದೇ ಅವಳು ಅಂಗಡಿಗೆ ಬೀಗ ಜಡಿದು ಗುಡ್ಡ ಹತ್ತಿದಳು. ಹಬ್ಬದ ಮುಂಚಿನ ಭಾನುವಾರ ಅಂಗಡಿ ಮುಚ್ಚುವುದೆಂದರೆ ಮೀನುಗಾರ ಗಾಳಿ ಹದವಾಗಿರುವ ದಿನ ದೋಣಿ ಕಟ್ಟಿ ಮಲಗಿದ ಹಾಗೆ. ಮೀನಂಗಡಿಯ ದೋಕ್ಜಾ ಬೀದಿಗೆ ಕೇಳುವಂತೆ ಕೂಗಿದಳು:

"ಏನೇ ಮಾಲ್ಸುನ್, ಗುಡ್ಡದ ಮೇಲೆ ಯಾವ ಗಂಡು ಸಿಕ್ಕಿದಾನೆ?"

"ಸಿಕ್ಕಿದಾನೆ. ನಿನ್ ಗಂಡನಿಗಿಂತ ಚೆನ್ನಾಗಿ ಮಾತಾಡ್ತಾನೆ, ಸತ್ತಿದ್ರೂ!"

ಚೆಸ್ಟ್‌ನಟ್ ಮರದ ಕೆಳಗೆ ಪ್ಲಾಸ್ಟಿಕ್ ಚಾಪೆ ಹಾಸಿ ಅವಳು ಕೂತಳು. ಕೂತಳು ಎಂದೆನೇ? ಎದ್ದಳು, ಕೂತಳು, ದಾರಿಯವರೆಗೆ ಇಳಿದಳು, ಹತ್ತಿದಳು. ಆಚೆ ಗುಡ್ಡದಲ್ಲಿ ಯಂತ್ರ ಗುಂಯ್ ಎಂದರೆ ಬೆನ್ನು ನೆಟ್ಟಗಾಗುತ್ತಿತ್ತು. ಒಂದು ಕಾರು ಕೆಳಗಿನ ಮೂಲೆಯಲ್ಲಿ ನಿಧಾನವಾದರೆ ಕತ್ತು ಚಾಚಿ ಇಣುಕುವಳು. ಕಾರು ಮುಂದೆ ಹೋಯಿತೋ, ಉಸಿರು ಬಿಡುವಳು. ಉಸಿರು ಬಿಟ್ಟದ್ದಕ್ಕೆ ತನ್ನನ್ನೇ ಬೈದುಕೊಳ್ಳುವಳು. ಯಾರೂ ಬರಬಾರದು ಎಂದು ಅವಳು ಬಯಸುತ್ತಿದ್ದಳು. ಸತ್ತ ಒಬ್ಬರಿಗೆ ಯಾರೂ ಇಲ್ಲದಿರಲಿ ಎಂದು ಬಯಸುತ್ತಾ ಕೂರುವುದು ಎಂಥ ಹೀನ ಕೆಲಸವೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಏಕೆಂದರೆ ಅವಳ ಅಪ್ಪನೂ ಒಂದು ಕಾಲಕ್ಕೆ ಹೀಗೆಯೇ ಬೇರೆಯವರ ಗುಡ್ಡದಲ್ಲಿ ಮಲಗಿದ್ದವನು. ಅವನ ಹುಲ್ಲು ಕೊಯ್ಯಲು ಉಳಿದವಳು ಅವಳೊಬ್ಬಳೇ. ಹುಲ್ಲು ಕೊಯ್ಯಬೇಕಾದ ಭಾನುವಾರಗಳೇ ಅವಳ ವ್ಯಾಪಾರದ ಭಾನುವಾರಗಳೂ ಆಗಿದ್ದವು. ಊರ ಜನರ ಹಿರಿಯರಿಗೆಲ್ಲ ಎಡೆಯ ಪದಾರ್ಥ ಕರಿದುಕೊಟ್ಟಳು. ತನ್ನ ಅಪ್ಪನ ಹತ್ತಿರ ಮುಂದಿನ ವರ್ಷ ಹೋಗೋಣ ಎಂದುಕೊಂಡಳು. ಹೀಗೆ ಕೆಲವು ವರ್ಷ ಕಳೆದ ಮೇಲೆ ಹೋದರೆ ಅಲ್ಲಿ ಗುಡ್ಡವೇ ಇರಲಿಲ್ಲ. ಇಟ್ಟಿಗೆ ಬಣ್ಣದ ಮಹಡಿ ಮನೆಗಳಿದ್ದವು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟಿದ್ದೆವು ಎಂದರು. ಅವಳು ಆ ಪತ್ರಿಕೆಯನ್ನು ಕೊಳ್ಳುತ್ತಿದ್ದಳು, ಮೀನಿನ ಬಿಲ್ಲೆ ಸುತ್ತಿಕೊಡಲು. ಅಪ್ಪನ ಅಸ್ಥಿಯನ್ನು ಎಲ್ಲಿಟ್ಟರೆಂದು ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ. ಈ ಸಂಗತಿಯನ್ನು ಅವಳು ಬೀದಿಯಲ್ಲಿ ಯಾರಿಗೂ ಹೇಳಿಲ್ಲ, ದೋಕ್ಜಾಳಿಗೂ.

ಕೊನೆಯ ಭಾನುವಾರವೂ ಯಾರೂ ಬರಲಿಲ್ಲ. ಸಂಜೆ ಪ್ಯೋ ಫೋನ್ ಮಾಡಿ ನಕ್ಕ.

"ಅಕ್ಕ, ಮನೆಗೆ ಎಂಥ ಹೆಂಚು ಹಾಕಿಸ್ತೀರಿ? ಯೋಚ್ನೆ ಮಾಡ್ಕೊಳ್ಳಿ ಈಗ್ಲೇ."

ಅವಳು ಹೂಂ ಎಂದಳು. ಖುಷಿಯಾಗಬೇಕಿತ್ತು. ಆಗಲಿಲ್ಲ. ಬೇರೆ ಗುಡ್ಡಗಳ ಸಮಾಧಿಗಳೆಲ್ಲ ಕ್ಷೌರ ಮಾಡಿಸಿಕೊಂಡು ಹಬ್ಬಕ್ಕೆ ಸಿದ್ಧವಾಗಿದ್ದವು. ಇದೊಂದು ಮಾತ್ರ ತಲೆಕೆದರಿಕೊಂಡು ನಿಂತಿತ್ತು. ಹಬ್ಬಕ್ಕೆ ಎರಡು ದಿನ ಮುಂಚೆ, ಅಂಗಡಿಯ ಮುಂದೆ ಸಾಲು ನಿಂತಿರುವಾಗಲೇ ಅವಳು ಏಪ್ರನ್ ಬಿಚ್ಚಿ ದೋಕ್ಜಾಳ ಕೈಗೆ ಸೌಟು ಕೊಟ್ಟು, ಕುಡುಗೋಲು ಹಿಡಿದು ಬಸ್ಸು ಹತ್ತಿದಳು. ಬಳ್ಳಿ ಕಿತ್ತಳು, ಹುಲ್ಲು ಕೊಯ್ದಳು, ಮುಳ್ಳು ಕೈ ಪರಚಿತು. ಕೊಯ್ಯುತ್ತಾ ಆ ದಿಬ್ಬಕ್ಕೆ ಬೈದಳು, ಅದರ ಮಕ್ಕಳಿಗೆ ಬೈದಳು, ಕಡೆಗೆ ಯಾರಿಗೆ ಬೈಯುತ್ತಿದ್ದೇನೆಂದು ಗೊತ್ತಾಗಿ ಬಾಯಿ ಮುಚ್ಚಿದಳು. ಸಂಜೆಯ ಹೊತ್ತಿಗೆ ಸಮಾಧಿ ದುಂಡಗೆ, ನುಣ್ಣಗೆ, ಎಂದೂ ಕೈಬಿಟ್ಟೇ ಇರಲಿಲ್ಲವೆಂಬಂತೆ ಕೂತಿತ್ತು. ಅದನ್ನು ನೋಡಿ ಅವಳಿಗೆ ಅಳು ಬಂತು.

ಮರುದಿನ ಬೆಳಿಗ್ಗೆ ಮರೆತುಬಂದ ಚಾಪೆಯನ್ನು ತರುವ ನೆವದಲ್ಲಿ ಮತ್ತೆ ಹೋದಳು. ಎಡೆಗಿಡಲೆಂದು ಎರಡು ಮೀನಿನ ಬಿಲ್ಲೆಯೂ ಚೀಲದಲ್ಲಿದ್ದವು, ಅದನ್ನು ಅವಳು ತನಗೇ ಒಪ್ಪಿಕೊಂಡಿರಲಿಲ್ಲ. ಮರದ ಕೆಳಗೆ ಚಾಪೆ ಮಡಚುತ್ತಿರುವಾಗ ಕೆಳಗಿನಿಂದ ಒಬ್ಬ ಮುದುಕ ಹತ್ತಿ ಬಂದ. ಒಂದು ಕೈಯಲ್ಲಿ ಊರುಗೋಲು, ಬೆನ್ನಿಗೆ ಕಟ್ಟಿದ ಕುಡುಗೋಲು. ನಾಲ್ಕು ಹೆಜ್ಜೆ ಹಾಕಿ ನಿಲ್ಲುವುದು, ಸುತ್ತ ನೋಡುವುದು. ನುಣ್ಣನೆಯ ಸಮಾಧಿಯ ಮುಂದೆ ಬಂದು ನಿಂತ. ಬಹಳ ಹೊತ್ತು ನೋಡಿದ. ಆಮೇಲೆ ತಲೆಯಾಡಿಸಿದ.

"ಇದಲ್ಲ," ಎಂದು ತನಗೆ ತಾನೇ ಹೇಳಿಕೊಂಡ. ಮಾಲ್ಸುನ್‌ಳನ್ನು ಕಂಡು ನಾಚಿಕೊಂಡು ಕೇಳಿದ, "ತಾಯಿ, ಇಲ್ಲಿ ಇನ್ನೊಂದು ಸಮಾಧಿ ಇತ್ತಲ್ಲ, ಕಾಡು ಬೆಳ್ಕೊಂಡಿರೋದು? ನಮ್ಮವ್ವಂದು. ನಾನು ಬಂದು ವರ್ಷಗಳೇ ಆದ್ವು. ಇದು ಯಾರೋ ಪುಣ್ಯವಂತರದ್ದು, ಮಕ್ಕಳು ನೋಡ್ಕೋತಿದ್ದಾರೆ. ನಮ್ಮದು ಇಷ್ಟು ಚೆನ್ನಾಗಿರೋಕೆ ಎಲ್ಲಿ ಸಾಧ್ಯ."

ಮಾಲ್ಸುನ್ ಬಾಯಿ ತೆರೆದಳು. ಮಾತು ಬರಲಿಲ್ಲ. ಜೀವಮಾನದಲ್ಲಿ ಮೊದಲ ಸಲ. ಮುದುಕ ಅವಳ ಮೌನವನ್ನು ಗೊತ್ತಿಲ್ಲವೆಂದೇ ತಿಳಿದು, ಸಮಾಧಿಯನ್ನು ಬಳಸಿ ಮೇಲಿನ ಪೊದೆಗಳತ್ತ ಹೊರಟ.

ಅವನು ಹೋಗಲಿ ಎಂದು ಅವಳ ಒಳಗೆ ಯಾರೋ ಹೇಳಿದರು. ಹೋಗಲಿ. ಹುಡುಕಿ ಸಾಕಾಗಿ ಇಳಿದು ಹೋಗುತ್ತಾನೆ. ನಾಳೆ ಹಬ್ಬ. ನಾಳಿದ್ದು ನೆಲ ನಿನ್ನದು. ನೀನು ಸುಳ್ಳು ಹೇಳಿಲ್ಲ, ಒಂದು ಮಾತೂ ಆಡಿಲ್ಲ. ಮೇಲೆ ಕುಡುಗೋಲಿನ ಸದ್ದು ಕೇಳಿಸಿತು. ಮುದುಕ ಖಾಲಿ ಪೊದೆಯೊಂದನ್ನು ಕೊಚ್ಚುತ್ತಿದ್ದ. ನಡುನಡುವೆ ಉಸಿರಿಗಾಗಿ ನಿಲ್ಲುತ್ತಿದ್ದ, ಮತ್ತೆ ಕೊಚ್ಚುತ್ತಿದ್ದ, "ಅವ್ವಾ, ಎಲ್ಲಿದ್ದೀಯೇ" ಎನ್ನುತ್ತಿದ್ದ. ಮಾಲ್ಸುನ್ ಚಾಪೆ ಮಡಚಿದಳು, ಬಿಚ್ಚಿದಳು, ಮತ್ತೆ ಮಡಚಿದಳು. ಅವಳು ದಯೆಯಿಂದ ಮಾಡಿದ ಕೆಲಸವೇ ಒಬ್ಬನ ತಾಯಿಯನ್ನು ಬಚ್ಚಿಟ್ಟಿತ್ತು. ಅವಳ ಅಪ್ಪನನ್ನು ಬಚ್ಚಿಟ್ಟವರಾದರೂ ಪತ್ರಿಕೆಯಲ್ಲಿ ಒಂದು ಮಾತು ಹಾಕಿದ್ದರು.

"ಯಜಮಾನ್ರೇ!" ಎಂದು ಕೂಗಿದಳು. "ಇಳೀರಿ ಕೆಳಗೆ! ಇದೇ ನಿಮ್ಮವ್ವಂದು! ಹುಲ್ಲು ಕೊಯ್ದವಳು ನಾನು!"

ಮುದುಕ ಇಳಿದು ಬಂದ. ಸಮಾಧಿಯ ಮೇಲೆ ಕೈ ಆಡಿಸಿದ. ಹಿಂಬದಿಯ ಮಣ್ಣಲ್ಲಿ ಹುದುಗಿದ್ದ ಒಂದು ಚಪ್ಪಟೆ ಕಲ್ಲನ್ನು ಬೆರಳಿಂದ ಕೆರೆದು ನೋಡಿ, ಅಲ್ಲೇ ಕುಸಿದು ಕೂತ. ಅವನ ಹೆಸರು ಬಾಂಗ್ ಇನ್‌ಸೋಕ್. ಸೊಂಟ ಮುರಿದು ಮಲಗಿದ್ದನಂತೆ, ಮಗ ಕರೆದುಕೊಂಡು ಬಾರದೆ ಹೋದನಂತೆ.

"ಅವ್ವ ಈ ಗುಡ್ಡದ ಹಳೇ ಧಣಿ ಮನೇಲಿ ಆಳಾಗಿದ್ಳು. ಜಗಲೀಲೇ ಬದುಕು ಕಳೀತು. ಅವ್ವ ಸಾಯೋಕೆ ಮುಂಚೆ ಧಣಿ ಹೇಳಿದ್ರು, ನೀನು ಆ ಮರದ ಕೆಳಗೆ ಮಲಕ್ಕೋ, ಯಾರೂ ನಿನ್ನ ಏಳು ಅನ್ನಲ್ಲ ಅಂತ. ಬಾಯಿ ಮಾತು ತಾಯಿ, ಕಾಗದ ಪತ್ರ ಏನೂ ಇಲ್ಲ. ಈ ಸಲ ನಾನು ಒಂದು ತೀರ್ಮಾನ ಮಾಡ್ಕೊಂಡು ಬಂದಿದ್ದೆ. ಹಬ್ಬ ಕಳೀಲಿ, ಅವ್ವನ್ನ ಎತ್ತಿ ನಮ್ಮೂರ ಅಸ್ಥಿಮಂದಿರದಲ್ಲಿ ಇಟ್ಬಿಡೋಣ ಅಂತ. ನಾನು ಹೋದ್ಮೇಲೆ ಬರೋರು ಯಾರು? ಆದ್ರೆ ಈಗ ನೋಡಿದ್ರೆ..." ಅವನು ಕಣ್ಣೊರೆಸಿಕೊಂಡು ನಕ್ಕ. "ಇಲ್ಲಿ ಅವ್ವನಿಗೆ ಜನ ಇದ್ದಾರೆ. ಇನ್ನು ಯಾಕೆ ಅಲುಗಿಸ್ಲಿ? ಇಲ್ಲೇ ಇರ್ಲಿ."

ಮಾಲ್ಸುನ್‌ಗೆ ತಲೆ ಚಚ್ಚಿಕೊಳ್ಳಬೇಕೆನಿಸಿತು. ಆ ಹುಲ್ಲನ್ನು ಹಾಗೆಯೇ ಬಿಟ್ಟಿದ್ದರೆ! ಇವನಾಗಿಯೇ ಬಂದು, ಅತ್ತು, ಇವನಾಗಿಯೇ ಎತ್ತಿಕೊಂಡು ಹೋಗುತ್ತಿದ್ದ. ನೆಲವೂ ತನ್ನದಾಗುತ್ತಿತ್ತು, ಮನಸ್ಸೂ ಹಗುರಾಗುತ್ತಿತ್ತು.

"ರೀ, ನಾನು ನಿಮ್ಮವ್ವನ ಜನ ಅಲ್ಲ," ಎಂದಳು ಸಿಟ್ಟಿನಿಂದ. "ಈ ಜಾಗ ಕೊಳ್ಳೋಕೆ ಬಂದವಳು ನಾನು. ನಿಮ್ಮವ್ವ ಎದ್ರೇನೇ ನಂಗೆ ಮನೆ. ಇಷ್ಟು ದಿನ ಇಲ್ಲಿ ಕೂತು ಯಾರೂ ಬರ್ದೇ ಇರ್ಲಿ ಅಂತ ಕಾಯ್ತಿದ್ದೆ."

ಮುದುಕ ಅವಳನ್ನೇ ನೋಡಿದ. "ಮತ್ಯಾಕೆ ಕೊಯ್ದ್ರಿ?"

"ನೋಡೋಕಾಗ್ಲಿಲ್ಲ."

ಮುದುಕ ಸಮಾಧಿಯ ಮೇಲೆ ಬಿದ್ದಿದ್ದ ಒಂದು ಹುಲ್ಲೆಸಳನ್ನು ಹೆಕ್ಕುತ್ತಾ ಮೆತ್ತಗೆ ಹೇಳಿದ, "ನೀವು ಎಬ್ಬಿಸು ಅಂದ್ರೆ ಎಬ್ಬಿಸ್ತೀನಿ ತಾಯಿ. ನನ್ನ ಅವ್ವನ್ನ ಬಿಸಿಲಿಗೆ ತಂದವರು ನೀವು. ಒಂದು ಮಾತು ಹೇಳಿ."

ಒಂದು ಮಾತು. ಆ ಮಾತು ಯಾವುದೆಂದು ಮಾಲ್ಸುನ್‌ಗಿಂತ ಚೆನ್ನಾಗಿ ಬಲ್ಲವರು ಯಾರು? ಬಾಗಿಲಲ್ಲಿ ಕೆಮ್ಮಿದ ಒಡೆಯರೆಲ್ಲ ಅದನ್ನು ಎಷ್ಟು ಮೆತ್ತಗೆ ಹೇಳಿದ್ದರು. ಅವಳು ಚೀಲಕ್ಕೆ ಕೈ ಹಾಕಿ ಬಿಲ್ಲೆಗಳನ್ನು ಹೊರತೆಗೆದಳು.

"ಮೊದ್ಲು ಎಡೆ ಇಡಿ. ಆರಿಹೋಗ್ತಿದೆ."

ಹಬ್ಬದ ಮೂರು ರಜಾದಿನಗಳಲ್ಲಿ ಅವಳು ಬಾಡಿಗೆ ಕೋಣೆಯಲ್ಲಿ ಗೋಡೆಯಿಂದ ಗೋಡೆಗೆ ನಡೆದಳು. ಕೆಳಗಿನ ಮನೆಯವರು ಎರಡು ಸಲ ಬಂದು ಕೇಳಿದರು, ಏನಾದರೂ ಕಳೆದಿದೆಯಾ ಎಂದು. ಮನಸ್ಸಿನಲ್ಲಿ ಆ ಸಮತಟ್ಟನ್ನು ಮತ್ತೆ ಮತ್ತೆ ಅಳೆದಳು. ಮನೆಯನ್ನು ಪೂರ್ವಕ್ಕೆ ತಳ್ಳಿದಳು, ಅಡಿಗೆಮನೆಯನ್ನು ಹಿಂದಕ್ಕೆ ತಿರುಗಿಸಿದಳು, ಒಂದು ಕೋಣೆಯನ್ನು ಅಳಿಸಿಹಾಕಿದಳು. ಅಳಿಸಿದಾಗ ಹೊಟ್ಟೆ ಉರಿಯಿತು. ಮತ್ತೆ ಬರೆದಳು, ಮತ್ತೆ ಅಳಿಸಿದಳು.

ರಜೆ ಮುಗಿದು ಪ್ಯೋ ಬಾಗಿಲು ತೆರೆಯುವ ಮೊದಲೇ ಅವನ ಕಚೇರಿಯ ಮೆಟ್ಟಿಲ ಮೇಲೆ ಕೂತಿದ್ದಳು. ಎಲ್ಲವನ್ನೂ ಕೇಳಿದ ಪ್ಯೋ ಹಣೆ ಹಿಡಿದುಕೊಂಡ.

"ಅಯ್ಯೋ ಅಕ್ಕ, ನಿಮ್ಮ ಬಾಯಿಗೆ ಅವತ್ತೊಂದಿನ ಬೀಗ ಹಾಕೋಕಾಗ್ಲಿಲ್ವಾ? ಆಯ್ತು ಬಿಡಿ. ಕರಾರು ಮುರೀರಿ, ಮುಂಗಡ ತಗೊಳ್ಳಿ. ಬೇರೆ ಜಾಗ ತೋರಿಸ್ತೀನಿ, ಒಳ್ಳೇ ತಂಪಾದ ಜಾಗ."

"ಮುರಿಯಲ್ಲ."

"ಹಾಗಾದ್ರೆ ಆ ಅಜ್ಜನಿಗೆ ಹೇಳಿ ಎತ್ತಿಸಿ. ಅವನೇ ಒಪ್ಪಿದಾನಲ್ಲ!"

"ಎತ್ಸೋದೂ ಇಲ್ಲ. ನಿನ್ ಕೋಳಿ ಯಜಮಾನನಿಗೆ ಫೋನ್ ಮಾಡು. ಬೆಲೆ ಇಳಿಸ್ಬೇಕು ಅನ್ನು. ವಾರಸುದಾರ ಇರೋ ಸಮಾಧಿ ನಡುವೆ ಕೂತಿರೋ ಜಾಗ ನನ್ನಂಥ ಹುಚ್ಚಿ ಬಿಟ್ರೆ ಇನ್ಯಾರು ತಗೋತಾರೆ ಕೇಳು."

ಫೋನಿನ ಆಚೆಯಿಂದ ಕೋಳಿಗಳ ಗಲಾಟೆ, ಯಜಮಾನನ ಗಲಾಟೆ ಎರಡೂ ಕೇಳಿಸಿದವು. ಕೇಳಿದಷ್ಟು ಇಳಿಯಲಿಲ್ಲ, ಆದರೆ ಇಳಿಯಿತು. ಕ್ಯೊಂಗಾ ಪತ್ರ ಬರೆಯುತ್ತಾ ತಲೆಯೆತ್ತಿ ಹೇಳಿದಳು:

"ಅಕ್ಕ, ಇಂಥಾ ಸಮಾಧಿಗೆ ನೆಲದ ಬಾಡಿಗೆ ಕೇಳ್ಬಹುದು. ಈಗ ಹಾಗೆ ತೀರ್ಪಾಗಿದೆ."

"ಬಾಡಿಗೆನಾ? ನಾನಾ?" ಮಾಲ್ಸುನ್ ಬಹಳ ಹೊತ್ತು ನಕ್ಕಳು. ನಗು ನಿಂತ ಮೇಲೆ, ಕೇಳುತ್ತೇನೆ ಎಂದಳು. ಬಾಂಗ್ ಅಜ್ಜನ ಊರು ಕಡಲ ತೀರದ್ದು. ವರ್ಷಕ್ಕೊಂದು ಸಲ, ತಾನೇ ಹೊತ್ತು ತಂದ ಒಣಮೀನಿನ ಒಂದು ಕಟ್ಟು. ಅದೇ ಬಾಡಿಗೆ ಎಂದು ಗೊತ್ತಾಯಿತು.

ನೋಂದಣಿಯಾಗಿ ಅವಳ ಹೆಸರಿದ್ದ ದಾಖಲೆಯ ಪ್ರತಿ ಕೈಗೆ ಬಂದ ದಿನ ಅವಳು ಅದನ್ನು ಓದಲಿಲ್ಲ. ತನ್ನ ಹೆಸರಿನ ಅಕ್ಷರಗಳ ಮೇಲೆ ಬೆರಳಿಟ್ಟುಕೊಂಡು ಸುಮ್ಮನೆ ನಿಂತಿದ್ದಳು. ಅವಳು ನಿಂತಲ್ಲೇ ನಿಂತದ್ದನ್ನು ಬೀದಿಯವರು ಕಂಡದ್ದು ಅದೊಂದೇ ಸಲ.

ಮನೆ ಎದ್ದಿತು. ಒಂದು ಕೋಣೆ, ಒಂದು ಅಡಿಗೆಮನೆ, ದಿಬ್ಬಕ್ಕೆ ಜಾಗ ಬಿಟ್ಟು ಬಾಗಿಲು ಪಕ್ಕಕ್ಕೆ. ನೋಡಲು ಅಷ್ಟೇನೂ ಚೆಂದವಿಲ್ಲ. ಎಲ್ಲಕ್ಕಿಂತ ಒಳ್ಳೆಯ ಬಿಸಿಲು ಬೀಳುವ ಜಾಗದಲ್ಲಿ ಸಮಾಧಿ ಕೂತಿದೆ, ಉಳಿದ ಬಿಸಿಲಿನಲ್ಲಿ ಅದರ ಪಕ್ಕಕ್ಕೆ ಜಾಡಿಗಳು. ಹಿಟ್ಟು ಕಳಿತದ್ದು ಚೆನ್ನಾಗಿದೆ ಎಂದು ಗಿರಾಕಿಗಳು ಹೇಳುತ್ತಾರೆ. ಬೆಳಿಗ್ಗೆ ಜಾಡಿಯ ಮುಚ್ಚಳ ತೆರೆಯುವಾಗ ಅವಳು ದಿಬ್ಬದ ಕಡೆ ನೋಡಿ ಗೊಣಗುತ್ತಾಳೆ, ಒಳ್ಳೇ ಮೂಲೆ ಹಿಡ್ಕೊಂಡೆ ಕಣೇ ಅಜ್ಜಿ, ಎಂದು. ಇನ್ನೂ ಒಮ್ಮೊಮ್ಮೆ ಅಳಿಸಿಹಾಕಿದ ಕೋಣೆ ನೆನಪಾಗಿ ಹೊಟ್ಟೆ ಉರಿಯುತ್ತದೆ. ಅದನ್ನವಳು ಮುಚ್ಚಿಡುವುದಿಲ್ಲ.

ಮುಂದಿನ ವರ್ಷ ಹುಲ್ಲು ಕೊಯ್ಯುವ ಭಾನುವಾರ ಬಾಂಗ್ ಅಜ್ಜ ಒಣಮೀನಿನ ಕಟ್ಟು ಹೊತ್ತು ಬಂದ. ಮಗನೂ ಬಂದಿದ್ದ. ಅಂದು ದೋಕ್ಜಾ ಕೂಡ ಮನೆ ನೋಡಲೆಂದು ಬಂದವಳು ಅಂಗಳದಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತು, ಮನೆಯನ್ನೂ ದಿಬ್ಬವನ್ನೂ ಅಳೆದು ನೋಡಿದಳು.

"ಅಲ್ವೇ ಮಾಲ್ಸುನ್, ಮುದುಕ ಹೋದ್ಮೇಲಾದ್ರೂ ಇದನ್ನ ಎಬ್ಬಿಸಿ ಇನ್ನೊಂದು ಕೋಣೆ ಕಟ್ಕೋಬಹುದಲ್ಲ?"

ಮಾಲ್ಸುನ್ ಜಾಡಿ ಒರೆಸುತ್ತಿದ್ದಳು. ಒರೆಸುವುದನ್ನು ನಿಲ್ಲಿಸದೆಯೇ ಹೇಳಿದಳು:

"ಇದು ನನ್ನ ಮನೆ ಕಣೇ. ಇಲ್ಲಿ ಯಾರಿಗೂ ಖಾಲಿ ಮಾಡು ಅನ್ನಲ್ಲ."